ಒಂದೇ ಸಮಿತಿಯನ್ನು ಮೂರು ಸಲ ಎಣಿಸಿದಾಗ

ಪ್ರಶ್ನೆ: ಸರ್, ನಾನು ಹೊಸನಗರ ತಾಲ್ಲೂಕಿನ ಹಳ್ಳಿಯೊಂದರವಳು. ಐಚ್ಛಿಕ ಕನ್ನಡ ತೆಗೆದುಕೊಂಡು ಬಿ.ಎ. ಮುಗಿಸಿದ್ದೇನೆ. ಮನೆ, ತೋಟದ ಕೆಲಸದ ನಡುವೆ ಸರ್ಕಾರಿ ನೌಕರಿಯ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಕ್ರಮ ನೋಡಿ ಜೋಡಿಸುವ ಕ್ರಮಯೋಜನೆ (ಪಿ) ಮತ್ತು ಕ್ರಮ ನೋಡದೆ ಆರಿಸುವ ವಿಕಲ್ಪದ (ಸಿ) ಸೂತ್ರಗಳೆರಡೂ ಬಾಯಿಗೆ ಬರುತ್ತವೆ, ಆದರೆ ಲೆಕ್ಕ ಎದುರಿಗೆ ಬಂದಾಗ ಯಾವುದನ್ನು ಹಾಕಬೇಕೆಂದು ತಿಳಿಯುವುದಿಲ್ಲ. ‘ಆಯ್ಕೆ ಎಂದಿದ್ದರೆ ಸಿ, ಜೋಡಣೆ ಎಂದಿದ್ದರೆ ಪಿ’ ಎಂದು ತರಬೇತಿಯಲ್ಲಿ ಹೇಳಿಕೊಟ್ಟರು. ಹಾಗೆ ಮಾಡಿದರೂ ಉತ್ತರ ತಪ್ಪುತ್ತದೆ. 7 ಪುರುಷರು ಮತ್ತು 5 ಮಹಿಳೆಯರಿಂದ 4 ಜನರ ಸಮಿತಿ ರಚಿಸಬೇಕು, ಅದರಲ್ಲಿ ಕನಿಷ್ಠ ಇಬ್ಬರು ಮಹಿಳೆಯರಿರಬೇಕು ಎಂಬುದು ಒಂದು ಲೆಕ್ಕ. ಮೊದಲು 5 ಮಹಿಳೆಯರಲ್ಲಿ ಇಬ್ಬರನ್ನು ಆರಿಸಿದೆ, 10 ರೀತಿ. ಆಮೇಲೆ ಉಳಿದ 10 ಜನರಲ್ಲಿ ಯಾರಾದರೂ ಇಬ್ಬರನ್ನು ಆರಿಸಿದೆ, 45 ರೀತಿ. ಗುಣಿಸಿದರೆ 450. ಪುಸ್ತಕದಲ್ಲಿ 285 ಎಂದಿದೆ. ನನ್ನ ದಾರಿಯಲ್ಲಿ ತಪ್ಪೆಲ್ಲಿದೆ ಎಂದು ಎಷ್ಟು ನೋಡಿದರೂ ಕಾಣಲಿಲ್ಲ. ಕಲಾ ವಿಭಾಗದವರಿಗೆ ಈ ಪಾಠ ಹತ್ತುವುದಿಲ್ಲ, ಬಿಟ್ಟುಬಿಡು ಎಂದು ಗೆಳತಿಯರು ಹೇಳುತ್ತಾರೆ. ಬಿಡಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ತೊಡಕುಗಳಿವೆ, ಅವೆರಡನ್ನೂ ನೀವು ಒಂದೆಂದು ಭಾವಿಸಿದ್ದೀರಿ. ಪಿ ಹಾಕಬೇಕೋ ಸಿ ಹಾಕಬೇಕೋ ಎಂಬುದು ಮೊದಲನೆಯದು. 450 ಏಕೆ ಬಂತು ಎಂಬುದು ಎರಡನೆಯದು. ಸಮಿತಿಯ ಲೆಕ್ಕದಲ್ಲಿ ನೀವು ಎರಡು ಕಡೆಯೂ ಸಿ ಬಳಸಿದ್ದೀರಿ, ಅದು ಸರಿಯಾಗಿಯೇ ಇದೆ, ಗುಣಾಕಾರದಲ್ಲಿಯೂ ದೋಷವಿಲ್ಲ. ಸೂತ್ರವನ್ನು ಸರಿಯಾಗಿ ಆರಿಸಿಯೂ ಉತ್ತರ ತಪ್ಪಿತೆಂದರೆ, ಸೂತ್ರ ಆರಿಸುವ ಉಪಾಯವನ್ನು ಇನ್ನಷ್ಟು ಗಟ್ಟಿಮಾಡಿಕೊಂಡು ಪ್ರಯೋಜನವಿಲ್ಲವೆಂದೇ ಅರ್ಥ. ಶಿವಮೊಗ್ಗದಲ್ಲಿ ಪದವಿಪೂರ್ವ ತರಗತಿಗಳಿಗೆ ಗಣಿತ ಹೇಳುತ್ತ ಬಂದಿರುವ ನನಗೆ ಈ ಪಾಠದಲ್ಲಿ ಅತಿ ಹೆಚ್ಚಾಗಿ ಕಾಣಸಿಗುವ ತಪ್ಪು ನಿಮ್ಮ 450ರ ಜಾತಿಯದೇ, ಮತ್ತು ಗಣಿತವನ್ನೇ ಮುಖ್ಯ ವಿಷಯವಾಗಿ ಓದುವ ಮಕ್ಕಳೂ ಇದನ್ನು ಧಾರಾಳವಾಗಿ ಮಾಡುತ್ತಾರೆ.

ಮೊದಲು ಆ ‘ಆಯ್ಕೆ – ಜೋಡಣೆ’ ಸೂಚನೆಯ ವಿಚಾರ. ಅದು ಪೂರ್ತಿ ಸುಳ್ಳಲ್ಲ, ಆದರೆ ಪ್ರಶ್ನೆಯ ಶಬ್ದವನ್ನು ನೋಡಿ ಸೂತ್ರ ಹಾಕುವುದನ್ನು ಕಲಿಸುತ್ತದೆ, ಪ್ರಶ್ನೆಯ ವಿಷಯವನ್ನು ನೋಡುವುದನ್ನು ಕಲಿಸುವುದಿಲ್ಲ. 12 ಸದಸ್ಯರ ಒಂದು ಸಂಘವನ್ನು ತೆಗೆದುಕೊಳ್ಳಿ. ಅದರಿಂದ ಮೂವರ ಸಮಿತಿಯನ್ನು ಆಯ್ಕೆ ಮಾಡುವ ರೀತಿಗಳು 220. ಅದೇ ಸಂಘದಿಂದ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಎಂದು ಮೂವರನ್ನು ಆಯ್ಕೆ ಮಾಡುವ ರೀತಿಗಳು 1320. ಎರಡು ವಾಕ್ಯಗಳಲ್ಲಿಯೂ ‘ಆಯ್ಕೆ’ ಎಂಬ ಪದವೇ ಇದೆ. ವ್ಯತ್ಯಾಸವಿರುವುದು ಬೇರೆ ಕಡೆ: ಮೂವರಲ್ಲಿ ಇಬ್ಬರನ್ನು ಅದಲುಬದಲು ಮಾಡಿದರೆ ಫಲಿತಾಂಶ ಬದಲಾಗುತ್ತದೆಯೇ ಎಂದು ಕೇಳಬೇಕು. ಬರಿಯ ಸಮಿತಿಯಲ್ಲಿ ಯಾರ ಹೆಸರನ್ನು ಮೊದಲು ಬರೆದರೂ ಸಮಿತಿ ಅದೇ. ಅಧ್ಯಕ್ಷರನ್ನೂ ಖಜಾಂಚಿಯನ್ನೂ ಅದಲುಬದಲು ಮಾಡಿದರೆ ಆಡಳಿತ ಮಂಡಳಿಯೇ ಬೇರೆಯಾಗುತ್ತದೆ. ಒಂದು ಸಮಿತಿಯ ಮೂವರಿಗೆ ಮೂರು ಹುದ್ದೆಗಳನ್ನು ಹಂಚುವ ರೀತಿಗಳು 3 × 2 × 1, ಅಂದರೆ 6. ಆದ್ದರಿಂದಲೇ 220ರ ಆರರಷ್ಟು 1320. ಪಿ ಎಂಬುದು ಸಿ ಆದ ಮೇಲೆ ಮಾಡುವ ಇನ್ನೊಂದು ಕೆಲಸ, ಅಷ್ಟೇ.

ಪ್ರಶ್ನೆಯಲ್ಲಿ ಈ ಎರಡು ಪದಗಳೂ ಇಲ್ಲದಿದ್ದರೆ ಏನು ಮಾಡುತ್ತೀರಿ? ನಮ್ಮ ಜಿಲ್ಲೆಯಲ್ಲಿ ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬ, ಶಿಕಾರಿಪುರ ಎಂದು 7 ತಾಲ್ಲೂಕುಗಳಿವೆ. ಪ್ರತಿ ಎರಡು ತಾಲ್ಲೂಕು ಕೇಂದ್ರಗಳ ನಡುವೆ ಒಂದು ನೇರ ಬಸ್ ಮಾರ್ಗವಿದೆ ಎಂದುಕೊಂಡರೆ ಮಾರ್ಗಗಳು ಎಷ್ಟು? 21. ಹೊರಡುವ ಊರು, ತಲುಪುವ ಊರು ಎರಡನ್ನೂ ಟಿಕೆಟ್ಟಿನ ಮೇಲೆ ಮುದ್ರಿಸಬೇಕಾದರೆ ಎಷ್ಟು ಬಗೆಯ ಟಿಕೆಟ್ ಬೇಕು? 42. ಸಾಗರ–ಸೊರಬ ಮಾರ್ಗವೂ ಸೊರಬ–ಸಾಗರ ಮಾರ್ಗವೂ ಒಂದೇ ರಸ್ತೆ, ಟಿಕೆಟ್ ಮಾತ್ರ ಎರಡು. ಇಲ್ಲಿ ಆಯ್ಕೆಯೂ ಇಲ್ಲ, ಜೋಡಣೆಯೂ ಇಲ್ಲ. ಆದರೂ ಅದಲುಬದಲಿನ ಪ್ರಶ್ನೆಯನ್ನು ಕೇಳಿದೊಡನೆ ಉತ್ತರ ಸ್ಪಷ್ಟವಾಗುತ್ತದೆ.

ಈಗ 450ಕ್ಕೆ ಬರೋಣ. ನೀವು ಬರೆದ ಕ್ರಮದಲ್ಲಿ ಮಹಿಳೆಯರನ್ನು ಎರಡು ಹಂತಗಳಲ್ಲಿ ಒಳಗೆ ತರಲಾಗುತ್ತಿದೆ. ಮೊದಲ ಹಂತದಲ್ಲಿ ಇಬ್ಬರು ಮಹಿಳೆಯರು ‘ಕಡ್ಡಾಯ’ದ ಸ್ಥಾನದಲ್ಲಿ ಬರುತ್ತಾರೆ, ಎರಡನೆಯ ಹಂತದ 10 ಜನರಲ್ಲಿಯೂ ಇನ್ನು ಮೂವರು ಮಹಿಳೆಯರಿರುವುದರಿಂದ, ಅವರಲ್ಲಿ ಕೆಲವರು ‘ಉಳಿದವರು’ ಎಂಬ ಹೆಸರಿನಲ್ಲಿ ಬರಬಹುದು. ಆದರೆ ಕೊನೆಯಲ್ಲಿ ಸಿದ್ಧವಾಗುವ ಸಮಿತಿಯಲ್ಲಿ ಯಾರು ಕಡ್ಡಾಯವಾಗಿ ಬಂದರು, ಯಾರು ಉಳಿದವರಾಗಿ ಬಂದರು ಎಂಬ ಗುರುತು ಇರುವುದಿಲ್ಲ. ನಿಮ್ಮ ಎಣಿಕೆಯಲ್ಲಿ ಮಾತ್ರ ಆ ಗುರುತು ಉಳಿದುಕೊಂಡಿದೆ, ಆದ್ದರಿಂದ ಒಂದೇ ಸಮಿತಿ ಹಲವು ಸಮಿತಿಗಳಾಗಿ ಲೆಕ್ಕಕ್ಕೆ ಸೇರಿದೆ.

ಇದನ್ನು ಕಣ್ಣಿನಿಂದಲೇ ನೋಡಬೇಕೆಂದರೆ ಸಂಖ್ಯೆಗಳನ್ನು ಸಣ್ಣದಾಗಿಸಿಕೊಳ್ಳಿ. ಕ, ಖ, ಗ ಎಂಬ ಮೂವರು ಮಹಿಳೆಯರು, ಮ ಎಂಬ ಒಬ್ಬ ಪುರುಷ. ಮೂವರ ಸಮಿತಿ ಬೇಕು, ಕನಿಷ್ಠ ಇಬ್ಬರು ಮಹಿಳೆಯರಿರಬೇಕು. ನಿಮ್ಮ ವಿಧಾನದಲ್ಲಿ ಮಹಿಳೆಯರಲ್ಲಿ ಇಬ್ಬರನ್ನು ಆರಿಸುವ ರೀತಿಗಳು 3, ಉಳಿದ ಇಬ್ಬರಲ್ಲಿ ಒಬ್ಬರನ್ನು ಆರಿಸುವ ರೀತಿಗಳು 2, ಒಟ್ಟು 6. ಆದರೆ ನಾಲ್ವರಿಂದ ಮೂವರನ್ನು ಆರಿಸುವ ರೀತಿಗಳೇ ಒಟ್ಟು 4! ಯಾವ ಷರತ್ತೂ ಇಲ್ಲದ ಸಮಿತಿಗಳಿಗಿಂತ ಷರತ್ತಿರುವ ಸಮಿತಿಗಳು ಹೆಚ್ಚಾದವು. ಆರನ್ನೂ ಬರೆದು ನೋಡಿ: ಕಖ ಮತ್ತು ಗ, ಕಖ ಮತ್ತು ಮ, ಕಗ ಮತ್ತು ಖ, ಕಗ ಮತ್ತು ಮ, ಖಗ ಮತ್ತು ಕ, ಖಗ ಮತ್ತು ಮ. ಮೊದಲನೆಯದು, ಮೂರನೆಯದು, ಐದನೆಯದು ಮೂರೂ ಕ, ಖ, ಗ ಇರುವ ಅದೇ ಸಮಿತಿ. ಅದನ್ನು ಮೂರು ಸಲ ಎಣಿಸಿದ್ದೀರಿ. ಮ ಇರುವ ಸಮಿತಿಗಳು ಮಾತ್ರ ಒಂದೊಂದೇ ಸಲ ಬಂದಿವೆ.

ದೊಡ್ಡ ಲೆಕ್ಕದಲ್ಲಿಯೂ ಇದೇ ಆಗಿದೆ, ಮತ್ತು ಎಷ್ಟು ಹೆಚ್ಚಾಯಿತೆಂಬುದನ್ನು ಕರಾರುವಾಕ್ಕಾಗಿ ಹೇಳಬಹುದು. ಇಬ್ಬರು ಮಹಿಳೆಯರು, ಇಬ್ಬರು ಪುರುಷರಿರುವ ಸಮಿತಿಗಳು 10 × 21 = 210; ಇವುಗಳನ್ನು ನೀವು ಒಂದೊಂದು ಸಲ ಎಣಿಸಿದ್ದೀರಿ. ಮೂವರು ಮಹಿಳೆಯರು, ಒಬ್ಬ ಪುರುಷನಿರುವ ಸಮಿತಿಗಳು 10 × 7 = 70; ಆ ಮೂವರಲ್ಲಿ ಯಾವ ಇಬ್ಬರನ್ನು ಕಡ್ಡಾಯ ಎಂದು ಕರೆದಿರಿ ಎಂಬುದಕ್ಕೆ 3 ದಾರಿಗಳಿರುವುದರಿಂದ ಇವು ಮೂರು ಮೂರು ಸಲ ಬಂದಿವೆ. ನಾಲ್ವರೂ ಮಹಿಳೆಯರಿರುವ ಸಮಿತಿಗಳು 5. ನಾಲ್ವರಲ್ಲಿ ಇಬ್ಬರನ್ನು ಗುರುತಿಸುವ ದಾರಿಗಳು 6, ಆದ್ದರಿಂದ ಇವು ಆರಾರು ಸಲ ಬಂದಿವೆ. 210 + 210 + 30 ಕೂಡಿದರೆ ನಿಮ್ಮ 450. ಪ್ರತಿಯೊಂದನ್ನೂ ಒಂದೇ ಸಲ ಎಣಿಸಿದರೆ 210 + 70 + 5, ಅಂದರೆ ಪುಸ್ತಕದ 285. ನಿಮ್ಮ ಉತ್ತರ ಎಲ್ಲಿಂದಲೋ ಬಂದ ತಪ್ಪು ಸಂಖ್ಯೆಯಲ್ಲ. ಸರಿಯುತ್ತರವೇ ಅದರೊಳಗೆ ಅಸಮವಾಗಿ ಉಬ್ಬಿ ಕುಳಿತಿದೆ.

ಅಸಮವಾಗಿ ಎಂದು ಬೇಕೆಂದೇ ಹೇಳಿದೆ. ಹೆಚ್ಚಾಗಿ ಎಣಿಸುವುದೇ ತಪ್ಪೆಂದು ನೀವು ತಿಳಿದರೆ ವಿಕಲ್ಪದ ಸೂತ್ರವೇ ತಪ್ಪಾಗಬೇಕಾಗುತ್ತದೆ. 12 ಜನರಲ್ಲಿ ನಾಲ್ವರನ್ನು ಆರಿಸುವಾಗ ನಾವು ಮೊದಲು 12 × 11 × 10 × 9 = 11880 ಎಂದು ಒಬ್ಬರ ನಂತರ ಒಬ್ಬರನ್ನು ಕರೆದು ಎಣಿಸುತ್ತೇವೆ. ಅದು ಹೆಚ್ಚೆಂದು ಗೊತ್ತಿದ್ದೇ ಎಣಿಸುತ್ತೇವೆ. ಆದರೆ ಅಲ್ಲಿ ಪ್ರತಿಯೊಂದು ಸಮಿತಿಯೂ ಒಂದನ್ನೂ ಬಿಡದಂತೆ ಸರಿಯಾಗಿ 24 ಸಲ ಬಂದಿರುತ್ತದೆ, ಏಕೆಂದರೆ ನಾಲ್ವರನ್ನು ಕರೆಯುವ ಕ್ರಮಗಳು 24. ಹಾಗಾಗಿ 24ರಿಂದ ಭಾಗಿಸಿದೊಡನೆ 495 ಎಂಬ ನಿಜವಾದ ಸಂಖ್ಯೆ ಸಿಗುತ್ತದೆ. ನಿಮ್ಮ 450ರಲ್ಲಿ ಕೆಲವು ಸಮಿತಿಗಳು ಒಂದು ಸಲ, ಕೆಲವು ಮೂರು ಸಲ, ಕೆಲವು ಆರು ಸಲ ಬಂದಿರುವುದರಿಂದ ಯಾವ ಒಂದು ಸಂಖ್ಯೆಯಿಂದ ಭಾಗಿಸಿದರೂ ಸರಿಯಾಗುವುದಿಲ್ಲ. ಎಲ್ಲವೂ ಸಮನಾಗಿ ಹೆಚ್ಚಿದ್ದರೆ ಭಾಗಿಸಿ ಸರಿಪಡಿಸಬಹುದು, ಅಸಮವಾಗಿ ಹೆಚ್ಚಿದ್ದರೆ ಬೇರೆ ದಾರಿಯನ್ನೇ ಹಿಡಿಯಬೇಕು. ಈ ಪಾಠದಲ್ಲಿ ನಾನು ವಿದ್ಯಾರ್ಥಿಗಳಿಂದ ಮುಖ್ಯವಾಗಿ ನಿರೀಕ್ಷಿಸುವುದು ಇದೊಂದು ತಿಳಿವಳಿಕೆಯನ್ನು. ಪಿಯೋ ಸಿಯೋ ಎನ್ನುವುದು ಇದರ ಮುಂದೆ ಸಣ್ಣ ಮಾತು.

ಮೇಲಿನಿಂದ ಇಳಿಯುತ್ತ ಗುಣಿಸಿ, ಒಂದರಿಂದ ಏರುತ್ತ ಗುಣಿಸಿದ್ದರಿಂದ ಭಾಗಿಸುವ ಈ ವಿಧಾನವನ್ನು 9ನೆಯ ಶತಮಾನದಲ್ಲಿ ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಸಾಮಾನ್ಯ ನಿಯಮವಾಗಿಯೇ ಕೊಟ್ಟಿದ್ದಾನೆ. ಆತ ನೃಪತುಂಗನ ಕಾಲದವನು. ಫ್ಯಾಕ್ಟೋರಿಯಲ್ ಚಿಹ್ನೆ, ಮೇಲೆ ಕೆಳಗೆ ಅಂಕೆಗಳಿರುವ ಸಿ – ಇವೆಲ್ಲ ಬಹಳ ಈಚಿನವು. ಚಿಹ್ನೆಗಳು ಗಾಬರಿ ಹುಟ್ಟಿಸುತ್ತಿದ್ದರೆ ಅವುಗಳನ್ನು ಬದಿಗಿಟ್ಟು, 12 × 11 × 10 × 9 ಎಂದು ಮೇಲೆ ಬರೆದು 1 × 2 × 3 × 4 ಎಂದು ಕೆಳಗೆ ಬರೆಯಿರಿ. ಪರೀಕ್ಷೆಯಲ್ಲಿ ಇದರಿಂದ ಸಮಯವೂ ಉಳಿಯುತ್ತದೆ.

ಕಲಾ ವಿಭಾಗದವರಿಗೆ ಹತ್ತುವುದಿಲ್ಲ ಎಂಬ ಮಾತನ್ನು ಐಚ್ಛಿಕ ಕನ್ನಡ ಓದಿದವರಿಗೆ ಹೇಳಿದ್ದು ನನಗೆ ಸ್ವಲ್ಪ ತಮಾಷೆಯಾಗಿಯೇ ಕಂಡಿತು. ‘ಯಮಾತಾರಾಜಭಾನಸಲಗಂ’ ಎಂದು ಬಾಯಿಪಾಠ ಮಾಡಿ ಎಂಟು ಅಕ್ಷರಗಣಗಳಿಗೆ ಪ್ರಸ್ತಾರ ಹಾಕಿದ್ದೀರಲ್ಲ? ಮೂರು ಸ್ಥಾನಗಳು, ಪ್ರತಿ ಸ್ಥಾನದಲ್ಲಿ ಲಘು ಅಥವಾ ಗುರು; 2 × 2 × 2 = 8, ಆದ್ದರಿಂದಲೇ ಗಣಗಳು ಎಂಟು, ಒಂಬತ್ತನೆಯದು ಇರಲು ಸಾಧ್ಯವೇ ಇಲ್ಲ. ಈಗ ಅವುಗಳನ್ನು ಗುರುವಿನ ಸಂಖ್ಯೆಯ ಪ್ರಕಾರ ವಿಂಗಡಿಸಿ. ಗುರುವೇ ಇಲ್ಲದ್ದು ನಗಣ ಒಂದು. ಒಂದೇ ಗುರು ಇರುವವು ಭಗಣ, ಜಗಣ, ಸಗಣ ಎಂದು ಮೂರು. ಗುರು ಆದಿಯಲ್ಲಿ, ಮಧ್ಯದಲ್ಲಿ, ಅಂತ್ಯದಲ್ಲಿ. ಎರಡು ಗುರು ಇರುವವು ಯಗಣ, ರಗಣ, ತಗಣ ಎಂದು ಮೂರು. ಎಲ್ಲವೂ ಗುರುವಾದದ್ದು ಮಗಣ ಒಂದು. ಈ 1, 3, 3, 1 ಎಂಬ ಸಾಲೇ ಮೂರರ ವಿಕಲ್ಪಗಳು: ಮೂರು ಸ್ಥಾನಗಳಲ್ಲಿ ಗುರು ಕೂರುವ ಸ್ಥಾನಗಳನ್ನು ಆರಿಸುವ ರೀತಿಗಳು. ಆರು ಅಕ್ಷರಗಳ ಪಾದವಿದ್ದರೆ ಪ್ರಸ್ತಾರದಲ್ಲಿ, ಅಂದರೆ ಎಲ್ಲ ಲಘು-ಗುರು ವಿನ್ಯಾಸಗಳ ಪಟ್ಟಿಯಲ್ಲಿ, 64 ಸಾಲುಗಳು ಬರುತ್ತವೆ, ಅವುಗಳಲ್ಲಿ ಸರಿಯಾಗಿ ಎರಡು ಗುರುಗಳಿರುವವು 15. ಇದನ್ನು ಲಘು-ಗುರು ಚಿಹ್ನೆ ಹಾಕಿ ನೀವೇ ಪರೀಕ್ಷಿಸಬಹುದು. ಭಾರತದಲ್ಲಿ ಈ ಎಣಿಕೆ ಬೆಳೆದ ಮುಖ್ಯ ಹಾದಿಗಳಲ್ಲಿ ಛಂದಸ್ಸೂ ಒಂದು.

‘ವಿಕಟಕವಿ’ಯ ಐದು ಅಕ್ಷರಗಳನ್ನು ಎಷ್ಟು ರೀತಿ ಜೋಡಿಸಬಹುದು ಎಂದು ಕೇಳಿದರೂ ಸ್ಥಾನ ಆರಿಸುವುದೇ ಸುಲಭದ ದಾರಿ. ಐದು ಸ್ಥಾನಗಳಲ್ಲಿ ಎರಡು ‘ವಿ’ಗಳಿಗೆ ಸ್ಥಾನ ಆರಿಸುವ ರೀತಿಗಳು 10, ಉಳಿದ ಮೂರರಲ್ಲಿ ಎರಡು ‘ಕ’ಗಳಿಗೆ 3, ಕೊನೆಯದು ‘ಟ’ಕ್ಕೆ. ಒಟ್ಟು 30. ಪ್ರಶ್ನೆಯಲ್ಲಿದ್ದ ಪದ ‘ಜೋಡಣೆ’, ಬಳಸಿದ್ದು ಮಾತ್ರ ಸಿ! ಬೇಕಾದರೆ ಐದೂ ಅಕ್ಷರಗಳು ಬೇರೆ ಬೇರೆ ಎಂದುಕೊಂಡಾಗ ಬರುವ 5 × 4 × 3 × 2 × 1 = 120ನ್ನು ನಾಲ್ಕರಿಂದ ಭಾಗಿಸಿಯೂ ಇದೇ 30ಕ್ಕೆ ಬರಬಹುದು. ಎರಡು ‘ವಿ’ಗಳ ಅದಲುಬದಲು, ಎರಡು ‘ಕ’ಗಳ ಅದಲುಬದಲು ಸೇರಿ ಪ್ರತಿ ಜೋಡಣೆಯೂ ಸಮನಾಗಿ ನಾಲ್ಕು ಸಲ ಬಂದಿರುವುದರಿಂದ ಇಲ್ಲಿ ಭಾಗಾಕಾರಕ್ಕೆ ಅಡ್ಡಿಯಿಲ್ಲ.

‘ಕನಿಷ್ಠ’ ಎಂಬ ಷರತ್ತಿರುವ ಲೆಕ್ಕಗಳಿಗೆ ನಿಮ್ಮ ಮುಂದೆ ಎರಡು ನಂಬಿಕೆಯ ದಾರಿಗಳಿವೆ. ಒಂದು, ಮೇಲೆ ಮಾಡಿದಂತೆ ಸರಿಯಾಗಿ ಇಬ್ಬರು, ಸರಿಯಾಗಿ ಮೂವರು, ಸರಿಯಾಗಿ ನಾಲ್ವರು ಎಂದು ಪ್ರಕರಣಗಳನ್ನು ಬೇರ್ಪಡಿಸಿ ಕೂಡುವುದು. ಒಂದು ಸಮಿತಿ ಎರಡು ಪ್ರಕರಣಗಳಲ್ಲಿ ಬೀಳಲು ಸಾಧ್ಯವಿಲ್ಲದ್ದರಿಂದ ಮರುಎಣಿಕೆಯ ಭಯವಿಲ್ಲ. ಇದರ ಅಪಾಯವೆಂದರೆ ಕೊನೆಯ ಪ್ರಕರಣ ಮರೆತುಹೋಗುವುದು. ಪುರುಷರೇ ಇಲ್ಲದ ಆ 5 ಸಮಿತಿಗಳನ್ನು ಬಿಟ್ಟು 280 ಎಂದು ಬರೆದು ಬರುವವರು ಬಹಳ ಮಂದಿ. ಇನ್ನೊಂದು ದಾರಿ, ಒಟ್ಟು 495ರಿಂದ ಬೇಡವಾದವುಗಳನ್ನು ಕಳೆಯುವುದು: ಮಹಿಳೆಯರೇ ಇಲ್ಲದ ಸಮಿತಿಗಳು 35, ಒಬ್ಬರೇ ಮಹಿಳೆ ಇರುವವು 5 × 35 = 175, ಎರಡೂ ಸೇರಿ 210; 495 – 210 = 285. ‘ಕನಿಷ್ಠ ಒಬ್ಬರು’ ಎಂದಿದ್ದಾಗ ಇದಕ್ಕಿಂತ ಚುರುಕಾದ ದಾರಿ ಇಲ್ಲ. ಆದರೆ ಆ ಅಭ್ಯಾಸದಲ್ಲಿಯೇ ‘ಕನಿಷ್ಠ ಇಬ್ಬರು’ ಎಂದಿರುವ ಕಡೆಯೂ 35ನ್ನು ಮಾತ್ರ ಕಳೆದು 460 ಎಂದು ಬರೆದುಬಿಡುವ ಸಂಭವವಿದೆ. ಪ್ರಶ್ನೆಪತ್ರಿಕೆ ಸಿದ್ಧಪಡಿಸುವವರಿಗೆ ಈ ತಪ್ಪುಗಳೆಲ್ಲ ಗೊತ್ತಿರುತ್ತವೆ. ನಾನೇ ನಮ್ಮ ಕಾಲೇಜಿನ ಕಿರುಪರೀಕ್ಷೆಗೆ ಬಹು ಆಯ್ಕೆಯ ಪ್ರಶ್ನೆ ಬರೆಯುವಾಗ 285ರ ಪಕ್ಕದಲ್ಲಿ 450, 460, 280 ಇಡುತ್ತೇನೆ. ಆದ್ದರಿಂದ ನಿಮ್ಮ ಉತ್ತರ ಕೊಟ್ಟಿರುವ ಆಯ್ಕೆಗಳಲ್ಲಿ ಕಂಡಿತೆಂಬುದನ್ನು ಅದು ಸರಿ ಎಂಬುದಕ್ಕೆ ಸಾಕ್ಷಿಯಾಗಿ ತೆಗೆದುಕೊಳ್ಳಬೇಡಿ.

ಸಾಕ್ಷಿ ಬೇಕಿದ್ದರೆ ಬೇಡವಾದವುಗಳ ಕಡೆ ಒಮ್ಮೆ ನೋಡಿ. 495ರಲ್ಲಿ 450 ನಿಮ್ಮ ಷರತ್ತಿಗೆ ಒಪ್ಪಿದರೆ ಒಪ್ಪದವು 45 ಮಾತ್ರ ಉಳಿಯಬೇಕು. ಒಬ್ಬರೇ ಮಹಿಳೆ ಇರುವ ಸಮಿತಿಗಳೇ 175 ಇರುವಾಗ ಅದು ಹೇಗೆ ಸಾಧ್ಯ? ಅರ್ಧ ನಿಮಿಷದ ಈ ತಾಳೆಯಿಂದ ತಪ್ಪು ಸಿಕ್ಕಿಬೀಳುತ್ತದೆ.

ಇನ್ನೊಂದು ಬಗೆಯ ಲೆಕ್ಕವಿದೆ, ಅದನ್ನು ಹೇಳದೆ ಬಿಟ್ಟರೆ ನೀವು ಮುಂದೆ ಎಡವುವುದು ಖಂಡಿತ. ನರ್ಸರಿಯಲ್ಲಿ ಅಡಿಕೆ, ಕಾಫಿ, ಏಲಕ್ಕಿ, ಜಾಯಿಕಾಯಿ ಎಂಬ ನಾಲ್ಕು ಜಾತಿಯ ಸಸಿಗಳು ಬೇಕಾದಷ್ಟಿವೆ. ಒಟ್ಟು 10 ಸಸಿ ತರಬೇಕು. ಒಂದೇ ಜಾತಿಯ ಸಸಿಗಳಲ್ಲಿ ಇದು ಅದು ಎಂಬ ಭೇದವಿಲ್ಲ. ಎಷ್ಟು ರೀತಿಯಲ್ಲಿ ತರಬಹುದು? 4 ಸಿ 10 ಎಂದು ಬರೆಯಲು ಹೋದರೆ ಅದಕ್ಕೆ ಅರ್ಥವೇ ಇಲ್ಲ, ನಾಲ್ಕರಲ್ಲಿ ಹತ್ತನ್ನು ಆರಿಸಲಾಗದು. ನಾಲ್ಕನ್ನು ಹತ್ತು ಸಲ ಗುಣಿಸಿದರೆ 10,48,576 ಬರುತ್ತದೆ, ಆದರೆ ಅದು ಸಸಿಗಳನ್ನು ಒಂದೊಂದಾಗಿ ಆರಿಸಿದ ಕ್ರಮವನ್ನೂ ಎಣಿಸಿದ ಸಂಖ್ಯೆ. ಇದನ್ನು ಭಾಗಿಸಿ ಸರಿಪಡಿಸಲೂ ಆಗುವುದಿಲ್ಲ: ಹತ್ತೂ ಅಡಿಕೆಯಾದರೆ ಆ ಖರೀದಿ ಒಂದೇ ಸಲ ಬಂದಿದೆ, ಒಂಬತ್ತು ಅಡಿಕೆ ಒಂದು ಕಾಫಿಯಾದರೆ ಹತ್ತು ಸಲ ಬಂದಿದೆ. ಮತ್ತೆ ಅದೇ ಅಸಮತೆ. ಇಲ್ಲಿ ಹಿಡಿಯಬೇಕಾದ ದಾರಿ ಬೇರೆ. ಹತ್ತು ಸಸಿಗಳನ್ನು ಸಾಲಾಗಿ ಇಟ್ಟು, ಜಾತಿ ಜಾತಿಗಳ ನಡುವೆ ಗಡಿಯಾಗಿ ಮೂರು ಕಡ್ಡಿಗಳನ್ನು ಇಡಿ. ಮೊದಲ ಕಡ್ಡಿಯ ತನಕ ಅಡಿಕೆ, ಎರಡನೆಯ ಕಡ್ಡಿಯ ತನಕ ಕಾಫಿ, ಹೀಗೆ. ಎರಡು ಕಡ್ಡಿಗಳು ಒತ್ತಟ್ಟಿಗೆ ಬಂದರೆ ನಡುವಿನ ಜಾತಿಯದು ಒಂದೂ ಇಲ್ಲವೆಂದು ಅರ್ಥ. ಒಟ್ಟು 13 ಸ್ಥಾನಗಳಲ್ಲಿ ಕಡ್ಡಿಗಳಿಗೆ ಮೂರನ್ನು ಆರಿಸಿದರೆ ಖರೀದಿ ನಿರ್ಧಾರವಾದಂತೆ, ಪ್ರತಿಯೊಂದು ಖರೀದಿಗೂ ಒಂದೇ ಒಂದು ಕಡ್ಡಿಗಳ ವಿನ್ಯಾಸ. 13 × 12 × 11 ÷ 6 = 286. ಪ್ರತಿ ಜಾತಿಯದೂ ಒಂದಾದರೂ ಇರಲೇಬೇಕೆಂದರೆ ಮೊದಲೇ ಒಂದೊಂದು ತೆಗೆದಿಟ್ಟು ಉಳಿದ ಆರಕ್ಕೆ ಇದನ್ನೇ ಮಾಡಿ: 9 ಸ್ಥಾನಗಳಲ್ಲಿ 3, ಅಂದರೆ 84. ನಿಮ್ಮ ಸಮಿತಿ ಲೆಕ್ಕದಲ್ಲಿ ತಪ್ಪಿಗೆ ಕಾರಣವಾದ ‘ಮೊದಲು ಕಡ್ಡಾಯದವನ್ನು ತೆಗೆದಿಡುವ’ ಉಪಾಯ ಇಲ್ಲಿ ಸರಿಯಾಗುತ್ತದೆ ಎಂಬುದನ್ನು ಗಮನಿಸಿ. ಸಸಿಗಳಿಗೆ ಗುರುತಿಲ್ಲ, ತೆಗೆದಿಟ್ಟ ಅಡಿಕೆ ಸಸಿಗೂ ಆಮೇಲೆ ತಂದ ಅಡಿಕೆ ಸಸಿಗೂ ವ್ಯತ್ಯಾಸವಿಲ್ಲ, ಆದ್ದರಿಂದ ಯಾವ ಖರೀದಿಯೂ ಎರಡು ಸಲ ಬರುವುದಿಲ್ಲ. ಮನುಷ್ಯರಿಗೆ ಹೆಸರಿದೆ.

ದುಂಡುಮೇಜಿನ ಸುತ್ತ ಆರು ಜನರನ್ನು ಕೂರಿಸುವಂಥ ಲೆಕ್ಕಗಳಿಗೂ ಭಾಗಾಕಾರವೇ ಸಾಕು: ಎಲ್ಲರೂ ಒಂದೊಂದು ಕುರ್ಚಿ ಸರಿದರೆ ಅದೇ ಜೋಡಣೆ ಎಂದು ಒಪ್ಪಿಕೊಂಡರೆ, ಆರು ಜನರನ್ನು ಸಾಲಾಗಿ ಕೂರಿಸುವ 720 ರೀತಿಗಳನ್ನು 6ರಿಂದ ಭಾಗಿಸಿ 120.

ಬಿಡಬೇಕೇ ಎಂಬ ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ, ಇಡೀ ಪಾಠವನ್ನು ಬಿಡಬೇಡಿ, ಒಂದು ಭಾಗವನ್ನು ಸದ್ಯಕ್ಕೆ ಮುಂದೂಡಬಹುದು. ಹುದ್ದೆ ಮತ್ತು ಸಮಿತಿ, ಮಾರ್ಗ ಮತ್ತು ಟಿಕೆಟ್, ಅಕ್ಷರಗಳ ಜೋಡಣೆ, ‘ಕನಿಷ್ಠ’ ಷರತ್ತಿನ ಸಮಿತಿ – ಇವುಗಳಿಗೆ ಬೇಕಾದ ತಿಳಿವಳಿಕೆ ನಿಮ್ಮಲ್ಲಿ ಈಗಾಗಲೇ ಇದೆ. ನೀವು ಕಳುಹಿಸಿದ ಲೆಕ್ಕದಲ್ಲಿ ಹಂತಗಳನ್ನು ಬರೆದಿರುವ ರೀತಿಯಿಂದಲೇ ಅದು ಗೊತ್ತಾಗುತ್ತದೆ. ಸಸಿಗಳ ಬಗೆಯ ಲೆಕ್ಕ, ಮತ್ತು ಇಂತಿಂಥವರು ಪಕ್ಕಪಕ್ಕ ಕೂರಬಾರದು ಎಂಬ ಎರಡು ಮೂರು ಷರತ್ತುಗಳು ಒಟ್ಟಿಗೆ ಬರುವ ಲೆಕ್ಕಗಳನ್ನು ಪರೀಕ್ಷೆ ಹತ್ತಿರವಿದ್ದರೆ ಬದಿಗಿಡಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪರೀಕ್ಷೆಯಾಗಿದ್ದರೆ ಅವುಗಳನ್ನು ಅಂದಾಜಿನಲ್ಲಿ ಗುರುತು ಮಾಡುವುದಕ್ಕಿಂತ ಖಾಲಿ ಬಿಡುವುದೇ ಲೇಸು. ಸಮಯವಿದ್ದರೆ ದಿನಕ್ಕೆ ಹತ್ತು ಲೆಕ್ಕ ಬಿಡಿಸುವ ಬದಲು ಒಂದೇ ಲೆಕ್ಕವನ್ನು ಪ್ರಕರಣ ಬೇರ್ಪಡಿಸಿ ಒಮ್ಮೆ, ಬೇಡವಾದದ್ದನ್ನು ಕಳೆದು ಒಮ್ಮೆ ಮಾಡಿ. ಎರಡು ಉತ್ತರಗಳು ಹೊಂದದಿದ್ದರೆ ಸಂಖ್ಯೆಗಳನ್ನು ಮೂರು, ನಾಲ್ಕಕ್ಕೆ ಇಳಿಸಿ ಎಲ್ಲವನ್ನೂ ಕಾಗದದ ಮೇಲೆ ಬರೆದು, ಯಾವ ಸಮಿತಿ ಎರಡನೆಯ ಸಲ ಕಾಣಿಸಿಕೊಂಡಿದೆ ಎಂದು ಹುಡುಕಿ.